ಲೋಹ ಇದ್ದರೂ ಮೌನ, ಇಲ್ಲದಿದ್ದರೂ ಕೂಗು: ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರಿನ ದೋಷ ಹುಡುಕುವ ಕ್ರಮ

ನಾಟಿ ಮಾಡುವಾಗ ಕೆಸರಿನಲ್ಲಿ ಉಂಗುರ ಜಾರಿತು. ಕೂಳೆ ಕಬ್ಬಿನ ಹೊಲದಲ್ಲಿ ರೋಟಾವೇಟರಿನ ಬ್ಲೇಡು ಮುರಿದು ಒಳಗೇ ಉಳಿಯಿತು. ಹಳೇ ಜಿಐ ಪೈಪಿನ ವಾಲ್ವ್ ಎಲ್ಲಿ ಹೂತಿದೆ ಎಂದು ಹಾಕಿಸಿದವರಿಗೇ ನೆನಪಿಲ್ಲ. ಮಂಡ್ಯ, ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ ಮೆಟಲ್ ಡಿಟೆಕ್ಟರ್ ಹೊರಗೆ ಬರುವುದು ಇಂಥ ಕೆಲಸಗಳಿಗೆ. ಆಗ ಕೇಳುವ ದೂರೂ ಹೆಚ್ಚುಕಮ್ಮಿ ಒಂದೇ: ‘ಮೊಳೆಗೆ ಕೂಗುತ್ತೆ, ಚಿನ್ನಕ್ಕೆ ಕೂಗಲ್ಲ. ಮಿಷನ್ ಕೆಟ್ಟಿದೆ.’

ಬೋರ್ಡು ಬಿಚ್ಚಿ ಬೆಸುಗೆ ಕಡ್ಡಿ ಕಾಯಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಂತ್ರ ಕಿವಿಗೊಡುವ ಹೊತ್ತಿಗೆ ಆ ಲೋಹ ಇನ್ನೂ ಮಾತಾಡುತ್ತಿರುತ್ತದೆಯೇ, ಇಲ್ಲ ಆಗಲೇ ಸುಮ್ಮನಾಗಿರುತ್ತದೆಯೇ? ಪಲ್ಸ್ ಇಂಡಕ್ಷನ್ ಯಂತ್ರದ ಬಹುಪಾಲು ತಕರಾರಿನ ಬೇರು ಈ ಹೊತ್ತಿನ ಲೆಕ್ಕದಲ್ಲಿದೆ.

ಕಿವಿಗೊಡುವ ಹೊತ್ತು ಯಾವುದು

ಲೆಕ್ಕಕ್ಕೆ ಒಂದು ಮಾಮೂಲಿ ಯಂತ್ರ ತೆಗೆದುಕೊಳ್ಳೋಣ. 12 ವೋಲ್ಟ್ ಬ್ಯಾಟರಿ, 26 ಸೆಂ.ಮೀ. ವ್ಯಾಸದ ಕಾಯಿಲ್, 0.5 ಮಿ.ಮೀ. ತಾಮ್ರದ ತಂತಿ 24 ಸುತ್ತು. ಈ ಕಾಯಿಲಿನ ಇಂಡಕ್ಟೆನ್ಸ್ ಸುಮಾರು 360 ಮೈಕ್ರೋಹೆನ್ರಿ, ರೆಸಿಸ್ಟೆನ್ಸ್ ಸುಮಾರು 1.7 ಓಮ್. ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು 100 ಮೈಕ್ರೋಸೆಕೆಂಡ್ ಕಾಲ ಆನ್ ಆದರೆ (ಇದೇ ಒಂದು ಪಲ್ಸ್) ಕಾಯಿಲಿನಲ್ಲಿ ಕರೆಂಟು ಎರಡು, ಎರಡೂವರೆ ಆಂಪಿಯರ್‌ವರೆಗೆ ಏರುತ್ತದೆ. ಆಮೇಲೆ ಮಾಸ್‌ಫೆಟ್ ಒಮ್ಮೆಲೇ ಆಫ್ ಆಗುತ್ತದೆ. ಹರಿಯುತ್ತಿದ್ದ ಕರೆಂಟು ನಿಲ್ಲಲೊಲ್ಲದೆ ಕಾಯಿಲಿನ ತುದಿಯಲ್ಲಿ ವೋಲ್ಟೇಜು ಜಿಗಿಯುತ್ತದೆ. ಐಆರ್‌ಎಫ್ 740 ಎಂಬ ಮಾಸ್‌ಫೆಟ್ ಹಾಕಿದ್ದರೆ ಅದು ಸುಮಾರು 400 ವೋಲ್ಟಿಗೆ ತಡೆಯುತ್ತದೆ, ಕರೆಂಟು 2 ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಸೊನ್ನೆಗೆ ಬರುತ್ತದೆ.

ಕಾಂತಕ್ಷೇತ್ರ ಹೀಗೆ ಕುಸಿದಾಗ ಹತ್ತಿರದ ಲೋಹದೊಳಗೆ ಸುಳಿ ಪ್ರವಾಹ ಹುಟ್ಟುತ್ತದೆ. ಅದು ಆರುವಾಗ ಕಾಯಿಲಿಗೆ ಮರಳಿ ಕೊಡುವ ಸಣ್ಣ ವೋಲ್ಟೇಜನ್ನೇ ನಾವು ಹುಡುಕುವುದು. ಆದರೆ 400 ವೋಲ್ಟಿನ ಹೊಡೆತ ತಿಂದ ಆಂಪ್ಲಿಫೈಯರು ತಕ್ಷಣ ಕಣ್ಣು ಬಿಡುವುದಿಲ್ಲ. ಅದು ಚೇತರಿಸಿಕೊಳ್ಳಲೆಂದು 10ರಿಂದ 20 ಮೈಕ್ರೋಸೆಕೆಂಡ್ ಬಿಟ್ಟು ಸ್ಯಾಂಪಲ್, ಅಂದರೆ ಆ ಕ್ಷಣದ ವೋಲ್ಟೇಜಿನ ಅಳತೆ, ತೆಗೆಯುತ್ತಾರೆ. ಈ ಕಾಯುವಿಕೆಗೇ ಡಿಲೇ ಎನ್ನುವುದು.

ಸುಳಿ ಪ್ರವಾಹ ಮೊದಲಿನ ಶೇ. 37ಕ್ಕೆ ಇಳಿಯಲು ಹಿಡಿಯುವ ಹೊತ್ತನ್ನು ಇಲ್ಲಿ ‘ಆರುವ ಕಾಲ’ ಎಂದು ಕರೆಯೋಣ. ಅದು ಲೋಹ ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಎಷ್ಟು ಅಗಲ, ಎಷ್ಟು ದಪ್ಪ, ಸುತ್ತು ಪೂರ್ತಿಯಾಗಿದೆಯೇ ಎಂಬುದರ ಮೇಲೆ ನಿಂತಿದೆ. ಲೋಹದ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಲೋಟ, 7 ಸೆಂ.ಮೀ. ಅಗಲ, ಅರ್ಧ ಮಿಲಿಮೀಟರ್ ದಪ್ಪ: ಆರುವ ಕಾಲ ಹೆಚ್ಚೆಂದರೆ 15 ಮೈಕ್ರೋಸೆಕೆಂಡ್. ಅದೇ ಅಳತೆಯ ತಾಮ್ರದ ಪಾತ್ರೆಗೆ ಅದರ 40 ಪಟ್ಟು, ಅಂದರೆ 600ರ ಹತ್ತಿರ. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 40 ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಅಷ್ಟೇ ಕಾರಣ.

ಈಗ ಲೆಕ್ಕ ಹಾಕಿ. ಆರುವ ಕಾಲ 10 ಮೈಕ್ರೋಸೆಕೆಂಡ್ ಇರುವ ವಸ್ತುವಿಗೆ 10ರಲ್ಲಿ ಕಿವಿಗೊಟ್ಟರೆ ಶೇ. 37 ಉಳಿದಿರುತ್ತದೆ. 20ರಲ್ಲಿ ಶೇ. 13.5. ಮೂವತ್ತರಲ್ಲಿ ಶೇ. 5. ನಲವತ್ತರಲ್ಲಿ ಶೇ. 2ಕ್ಕೂ ಕಡಿಮೆ. ಆರುವ ಕಾಲ 100 ಇರುವ ವಸ್ತುವಿಗೆ ನಲವತ್ತರಲ್ಲೂ ಶೇ. 67 ಉಳಿದಿರುತ್ತದೆ. ಡಿಲೇ ಗುಂಡಿ ಸ್ವಲ್ಪ ಜಾರಿದ್ದರೂ ಉಂಗುರ ಮಾಯವಾಗಿ ಪಾತ್ರೆ ಮಾತ್ರ ಉಳಿಯುವುದು ಹೀಗೆ.

ಕಬ್ಬಿಣದ ದಾರಿಯೇ ಬೇರೆ. ಅದಕ್ಕೆ ಕಾಂತೀಯ ಗುಣ ಇರುವುದರಿಂದ ಸುಳಿ ಪ್ರವಾಹ ಒಳಕ್ಕೆ ಇಳಿಯುವುದೇ ನಿಧಾನ, ಆರುವುದೂ ನಿಧಾನ, ಬಾಲ ಉದ್ದ. ಎರಡಿಂಚಿನ ತುಕ್ಕು ಮೊಳೆ ಸುಲಭವಾಗಿ ಸಿಕ್ಕಿ ಅದಕ್ಕಿಂತ ತೂಕದ ಚಿನ್ನದ ಸರ ಸಿಗದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಮೂರು ತಾಮ್ರದ ಉಂಗುರ

ಯಂತ್ರ ಸರಿಯಿದೆಯೇ ಎಂದು ನಾಣ್ಯ ಹಿಡಿದು ನೋಡುವುದು ರೂಢಿ. ನಾಣ್ಯ ನಂಬಬೇಡಿ. ಒಂದು ರೂಪಾಯಿಯ ಸ್ಟೀಲ್ ನಾಣ್ಯಕ್ಕೆ ಅಯಸ್ಕಾಂತ ಅಂಟುತ್ತದೆ, ಹಳದಿ ಐದು ರೂಪಾಯಿಗೆ ಅಂಟುವುದಿಲ್ಲ. ಎರಡರ ನಡವಳಿಕೆ ಬೇರೆ ಬೇರೆ, ‘ನಾಣ್ಯಕ್ಕೆ ಕೂಗಿತು’ ಎಂದರೆ ಏನೂ ತಿಳಿಯುವುದಿಲ್ಲ. ಬದಲಿಗೆ ಆರುವ ಕಾಲ ಗೊತ್ತಿರುವ ಮೂರು ಉಂಗುರ ಮಾಡಿಟ್ಟುಕೊಳ್ಳಿ. ಖರ್ಚು ಹತ್ತಿಪ್ಪತ್ತು ರೂಪಾಯಿಯೂ ಇಲ್ಲ.

ಮೊದಲನೆಯದು ದಪ್ಪ ಉಂಗುರ. ಮನೆ ವೈರಿಂಗಿನ 1.5 ಚದರ ಮಿ.ಮೀ. ಒಂಟಿ ತಂತಿಯ ತಾಮ್ರದ ವೈರಿನ ಪ್ಲಾಸ್ಟಿಕ್ ಸುಲಿದು, 25 ಮಿ.ಮೀ. ಪಿವಿಸಿ ಕಂಡ್ಯೂಟ್ ಪೈಪಿಗೆ ಒಂದೇ ಸುತ್ತು ಸುತ್ತಿ, ತುದಿಗಳನ್ನು 3 ಮಿ.ಮೀ. ಒಂದರ ಮೇಲೊಂದು ಬರುವಂತೆ ಚೆನ್ನಾಗಿ ಬೆಸೆಯಿರಿ. ಆರುವ ಕಾಲ ಸುಮಾರು 50 ಮೈಕ್ರೋಸೆಕೆಂಡ್.

ಎರಡನೆಯದು ಮಧ್ಯಮ ಉಂಗುರ. ಪ್ರತಿ ಎಳೆ 0.2 ಮಿ.ಮೀ. ಇರುವ ಫ್ಲೆಕ್ಸಿಬಲ್ ವೈರಿನಿಂದ 7 ಎಳೆ ಎಣಿಸಿ ತೆಗೆದು, ಹುರಿ ಮಾಡಿ, ಅದೇ ಪೈಪಿಗೆ ಸುತ್ತಿ ಬೆಸೆಯಿರಿ. ಸುಮಾರು 10 ಮೈಕ್ರೋಸೆಕೆಂಡ್.

ಮೂರನೆಯದು ಎಳೆ ಉಂಗುರ. ಅದೇ ವೈರಿನ ಒಂದೇ ಎಳೆ, ಅದೇ ಸುತ್ತಳತೆ. ಸುಮಾರು 2 ಮೈಕ್ರೋಸೆಕೆಂಡ್. ಇದು ಸಿಗಲಿ ಎಂದು ಮಾಡುವುದಲ್ಲ, ಸಿಗಬಾರದು ಎಂದು ಮಾಡುವುದು. ಸ್ಯಾಂಪಲ್ 10 ಮೈಕ್ರೋಸೆಕೆಂಡಿಗೆ ಇಟ್ಟಿರುವ ಯಂತ್ರಕ್ಕೆ ಈ ಉಂಗುರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದಕ್ಕೂ ಜೋರಾಗಿ ಕೂಗಿದರೆ ಯಂತ್ರ ನಿಮ್ಮ ಕೈಯ ಬೆಸುಗೆ ಕಡ್ಡಿಗೋ, ಕೈಯಲ್ಲಿರುವ ಉಂಗುರಕ್ಕೋ ಕೂಗುತ್ತಿದೆ ಎಂದು ತಿಳಿಯಿರಿ.

ಮೂರನ್ನೂ ಒಂದೊಂದು ಐಸ್‌ಕ್ರೀಮ್ ಕಡ್ಡಿಗೆ ಗೋಂದಿನಿಂದ ಅಂಟಿಸಿ, ಕಡ್ಡಿಯ ಮೇಲೆ 50, 10, 2 ಎಂದು ಬರೆಯಿರಿ. ದಪ್ಪ ಉಂಗುರದ ಜೊತೆಗಾರನೊಂದನ್ನೂ ಮಾಡಿ: ಅದೇ ತಂತಿ, ಅದೇ ಸುತ್ತು, ಆದರೆ ತುದಿಗಳ ನಡುವೆ 2 ಮಿ.ಮೀ. ಸಂದು. ಬೆಸೆದ ಉಂಗುರ ಒಂದು ಗೇಣು ದೂರಕ್ಕೇ ಕೂಗಿಸುವಾಗ ಸಂದು ಬಿಟ್ಟ ಉಂಗುರ ಕಾಯಿಲಿಗೆ ತಾಗುವಷ್ಟು ಬಂದರೂ ಸದ್ದು ಮಾಡದಿರಬಹುದು. ಕಳೆದ ಉಂಗುರದಲ್ಲಿ ಬಿರುಕಿತ್ತೇ, ಅಳತೆ ಹಿಗ್ಗಿಸಲು ಕತ್ತರಿಸಿದ ಸಂದು ಇತ್ತೇ ಎಂದು ಮನೆಯವರನ್ನು ಕೇಳಬೇಕಾದ್ದು ಈ ಕಾರಣಕ್ಕೆ.

ಪರೀಕ್ಷೆ ಎಲ್ಲಿ ಮಾಡಬೇಕು

ಆರ್‌ಸಿಸಿ ನೆಲದ ಮೇಲೆ, ತಾರಸಿಯಲ್ಲಿ, ಬೀರುವಿನ ಪಕ್ಕ ಬೇಡ. ಕಂಬಿ ಎಲ್ಲೆಲ್ಲೂ ಇರುತ್ತದೆ. ಬಯಲಿನಲ್ಲಿ, ಎರಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಲಗೆ ಇಟ್ಟು, ಹಲಗೆಯಲ್ಲಿ ಮೊಳೆ ಇಲ್ಲವೆಂದು ನೋಡಿಕೊಂಡು, ಅದರ ತುದಿಯಾಚೆಗೆ ಕಾಯಿಲ್ ಚಾಚಿಕೊಂಡಿರುವಂತೆ ಇಡಿ. ನೆಲ ಕನಿಷ್ಠ 80 ಸೆಂ.ಮೀ. ಕೆಳಗಿರಲಿ. ವಾಚು, ಉಂಗುರ, ಕಡಗ ಕಳಚಿ. ಬೆಳ್ಳಿ ಉಡಿದಾರ ಕಟ್ಟಿದವರು ಅದನ್ನೂ ನೆನಪಿಡಿ. ಸೊಂಟದ ಸುತ್ತ ಪೂರ್ತಿ ಸುತ್ತು ಬರುವ ಬೆಳ್ಳಿ ಅಂದರೆ ದೊಡ್ಡದೊಂದು ಗುರಿಯೇ. ಬಾಗಿದಾಗ ಕೂಗಿ ನೆಟ್ಟಗಾದಾಗ ನಿಲ್ಲುವ ‘ದೋಷ’ಕ್ಕೆ ಇದು ಕಾರಣವಾಗಿರಬಹುದು.

ಮರದ ಅಡಿಪಟ್ಟಿ ಹಿಡಿದು ಪ್ರತಿ ಉಂಗುರವನ್ನೂ ಕಾಯಿಲಿನ ನಡುವಿಗೆ ನೇರವಾಗಿ ತನ್ನಿ. ಉಂಗುರದ ಮುಖ ಕಾಯಿಲಿಗೆ ಸಮವಾಗಿರಲಿ, ಅಡ್ಡ ತಿರುಗಿಸಿದರೆ ಕ್ಷೇತ್ರ ಅದರೊಳಗೆ ಹಾಯುವುದಿಲ್ಲ. ಎಷ್ಟು ದೂರದಲ್ಲಿ ಮೊದಲ ಸದ್ದು ಬಂತೆಂದು ಅಳೆಯಿರಿ. ಯಾವ ಯಂತ್ರಕ್ಕೂ ಒಂದೇ ಸಂಖ್ಯೆ ಹೇಳಲಾಗುವುದಿಲ್ಲ. ನೋಡಬೇಕಾದ್ದು 50ರ ಉಂಗುರಕ್ಕೂ 10ರ ಉಂಗುರಕ್ಕೂ ಇರುವ ಅಂತರ. 50 ದೂರದಿಂದಲೇ ಕೇಳಿಸಿ 10 ತೀರಾ ಹತ್ತಿರ ಬಂದರೂ ಕೇಳದಿದ್ದರೆ ಯಂತ್ರ ತಡವಾಗಿ ಕಿವಿಗೊಡುತ್ತಿದೆ. ಎರಡೂ ಸಮನಾಗಿ ಕುಗ್ಗಿದ್ದರೆ ಶಕ್ತಿ ಕಡಿಮೆಯಾಗಿದೆ: ಬ್ಯಾಟರಿ, ಕೇಬಲ್ಲು, ಇಲ್ಲವೇ ಗೇನ್ (ಆಂಪ್ಲಿಫೈಯರು ಸಿಗ್ನಲನ್ನು ಹಿಗ್ಗಿಸುವ ಪಟ್ಟು).

ದೂರದ ಅಂದಾಜು ಕೆಡದಂತೆ ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿರಲಿ. ಕಾಯಿಲಿನ ವ್ಯಾಸಕ್ಕಿಂತ ದೂರ ಹೋದ ಮೇಲೆ ಸದ್ದು ದೂರದ ಆರನೇ ಘಾತಕ್ಕೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಕಾಯಿಲಿನ ಕರೆಂಟನ್ನು ಎರಡು ಪಟ್ಟು ಮಾಡಿದರೆ ಆಳ ಹೆಚ್ಚುವುದು ಶೇ. 12 ಮಾತ್ರ. ಸಿಗ್ನಲ್ ಹತ್ತು ಪಟ್ಟಾದರೂ ಶೇ. 47. ಬ್ಯಾಟರಿ ವೋಲ್ಟೇಜು ಏರಿಸಿ ಮಾಸ್‌ಫೆಟ್ ಸುಡುವುದರಿಂದ ಪ್ರಯೋಜನವಿಲ್ಲ. ಕಾಯಿಲನ್ನು ಮಣ್ಣಿಗೆ ನಾಲ್ಕು ಬೆರಳು ಹತ್ತಿರ ತಂದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಯಾವುದಕ್ಕೂ ಸದ್ದಿಲ್ಲ

ಇದು ಸುಲಭದ ದೋಷ. ಹಳೆಯ ಮೀಡಿಯಂ ವೇವ್ ರೇಡಿಯೋ ಇದ್ದರೆ ಸ್ಟೇಷನ್ ಇಲ್ಲದ ಕಡೆ ತಿರುಗಿಸಿ ಕಾಯಿಲಿನ ಬಳಿ ಹಿಡಿಯಿರಿ. ಗುಂಯ್‌ಗುಡುವ ಸದ್ದು ಬಂದರೆ ಪಲ್ಸ್ ಹೊರಡುತ್ತಿದೆ, ದೋಷ ಕೇಳುವ ಕಡೆಯಲ್ಲಿದೆ. ಬಾರದಿದ್ದರೆ ಕಾಯಿಲ್ ಕಳಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿ ತಾಗಿಸಿ ಬಂದ ಓಮನ್ನು ಕಳೆಯುವುದು ಮರೆಯಬೇಡಿ, 1.7 ಓಮಿನ ಅಳತೆಯಲ್ಲಿ 0.3ರ ತಪ್ಪು ದೊಡ್ಡದು. ಓಪನ್ ತೋರಿಸಿದರೆ ಕೋಲು ಮಡಚುವ ಜಾಗದಲ್ಲಿ ಕೇಬಲ್ಲು ಒಳಗೇ ತುಂಡಾಗಿರುತ್ತದೆ, ಇಲ್ಲವೇ ಪ್ಲಗ್ಗಿನ ಬೆಸುಗೆ ಬಿಟ್ಟಿರುತ್ತದೆ.

ಕಾಯಿಲ್ ಕೈಗೆ ಬಿಸಿಯಾಗಿ ಸಿಕ್ಕಿ ಬ್ಯಾಟರಿ ಬೇಗ ಬಸಿಯುತ್ತಿದ್ದರೆ ಮಾಸ್‌ಫೆಟ್ ಡ್ರೈನ್‌ಗೂ ಸೋರ್ಸಿಗೂ ಶಾರ್ಟ್ ಆಗಿದೆ. ಆಗ ಕಾಯಿಲಿನಲ್ಲಿ ಆರೇಳು ಆಂಪಿಯರ್ ಬಿಡುವಿಲ್ಲದೆ ಹರಿಯುತ್ತದೆ. ತಕ್ಷಣ ಬ್ಯಾಟರಿ ಕಳಚಿ. ಕಾಯಿಲಿನ ಅಂಟು ಕರಗಿ ಸುತ್ತುಗಳು ಒಂದಕ್ಕೊಂದು ತಾಗಿದರೆ ಹೊಸ ದೋಷ ಹುಟ್ಟುತ್ತದೆ.

ಬಿಡದೆ ಕೂಗುತ್ತದೆ

ಗಾಳಿಯಲ್ಲಿ, ಏನೂ ಇಲ್ಲದೆ ಕೂಗುತ್ತಿದ್ದರೆ ಕಾಯಿಲಿನ ಒಳಗೇ ಒಂದು ‘ಗುರಿ’ ಇದೆಯೇ ನೋಡಬೇಕು. ಇಲ್ಲಿ ಸ್ವಲ್ಪ ನಿಲ್ಲೋಣ, ಅತಿ ಹೆಚ್ಚು ಸಮಯ ತಿನ್ನುವ ದೋಷ ಇದೇ.

ಕಾಯಿಲಿನ ಸುತ್ತ ವಿದ್ಯುತ್ ಹರಿಸುವ ತೆಳು ಹೊದಿಕೆ, ಅಂದರೆ ಶೀಲ್ಡ್ ಹಾಕುತ್ತಾರೆ, ಹುಲ್ಲು ತಾಗಿದಾಗ, ಕೈ ತಾಗಿದಾಗ ಕೂಗಬಾರದೆಂದು. ಆ ಶೀಲ್ಡ್ ಪೂರ್ತಿ ಸುತ್ತು ಬಂದು ತನ್ನ ಬಾಲವನ್ನೇ ಮುಟ್ಟಿದರೆ ಅದೂ ಬೆಸೆದ ಉಂಗುರವೇ ಆಗುತ್ತದೆ, ಅದೂ ಕಾಯಿಲಿಗೆ ಅಂಟಿಕೊಂಡೇ ಇರುವ ಉಂಗುರ. ಶೀಲ್ಡಿನಲ್ಲಿ 1ರಿಂದ 2 ಸೆಂ.ಮೀ. ಸಂದು ಇರಲೇಬೇಕು. ಮಾಡಿದಾಗ ಇದ್ದ ಸಂದು ಕಾಯಿಲ್ ಬಿದ್ದಾಗಲೋ, ನೀರು ಒಳಗಿಳಿದಾಗಲೋ ಮುಚ್ಚಿಹೋಗಿರಬಹುದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದರೆ ಸಂದು ಇದ್ದರೂ ಸುಖವಿಲ್ಲ. ಫಾಯಿಲಿನ ಅಗಲದಲ್ಲೇ ಸುಳಿ ಪ್ರವಾಹ ಎದ್ದು ಮೊದಲ ಹತ್ತಾರು ಮೈಕ್ರೋಸೆಕೆಂಡನ್ನು ಹಾಳು ಮಾಡುತ್ತದೆ. ಗ್ರಾಫೈಟ್ ಬಣ್ಣ ಬಳಿದು ಅದರ ಮೇಲೊಂದು ತೆಳು ತಂತಿ ಹಾಯಿಸಿ ಅರ್ಥ್ ಮಾಡುವುದು ಒಳ್ಳೆಯ ದಾರಿ.

ಸುತ್ತು ಶಾರ್ಟ್ ಆಗಿರುವುದು ಇನ್ನೂ ಕಳ್ಳ ದೋಷ. 24ರಲ್ಲಿ ಒಂದು ಸುತ್ತು ಶಾರ್ಟ್ ಆದರೆ ರೆಸಿಸ್ಟೆನ್ಸ್ 1.7ರಿಂದ 1.63ಕ್ಕೆ ಇಳಿದೀತು, ಸಾಮಾನ್ಯ ಮೀಟರಿಗೆ ಅದು ಕಾಣುವುದೇ ಇಲ್ಲ. ಎಲ್‌ಸಿಆರ್ ಮೀಟರ್ ಸಿಕ್ಕಿದರೆ ಇಂಡಕ್ಟೆನ್ಸ್ ನೋಡಿ, ಒಳ್ಳೆಯ ಕಾಯಿಲಿಗಿಂತ ಎದ್ದು ಕಾಣುವಷ್ಟು ಕಡಿಮೆ ಬರುತ್ತದೆ. ಮೀಟರ್ ಇಲ್ಲದಿದ್ದರೆ ಸರಿ ಇರುವ ಇನ್ನೊಂದು ಕಾಯಿಲ್ ಹಾಕಿ. ಕೂಗು ನಿಂತರೆ ತೀರ್ಮಾನ ಆಯಿತು, ಹಳೆಯದನ್ನು ಬಿಚ್ಚಿ ತೆಗೆದು ಹೊಸದಾಗಿ ಸುತ್ತುವುದೇ ಮೇಲು.

ಕಾಯಿಲ್ ಬದಲಿಸಿದರೂ ನಿಲ್ಲದಿದ್ದರೆ ಆಂಪ್ಲಿಫೈಯರ್ ನೋಡಿ. ಎನ್‌ಇ 5534 ಚಿಪ್ಪು ಹಾಕಿ 1000 ಗೇನ್ ಇಟ್ಟಾಗ ಒಳಗಿನ 1 ಮಿಲಿವೋಲ್ಟ್ ಆಫ್‌ಸೆಟ್ (ಸಿಗ್ನಲ್ ಇಲ್ಲದಾಗಲೂ ಇರುವ ವೋಲ್ಟೇಜು) ಹೊರಗೆ 1 ವೋಲ್ಟ್ ಆಗುತ್ತದೆ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಬಿಸಿಲಿಗೆ ಕೂಗತೊಡಗುವ ಕಪ್ಪು ಡಬ್ಬದ ಯಂತ್ರಗಳ ಕತೆ ಇದು. ಡಬ್ಬದ ಮೇಲೆ ಬಿಳಿ ಬಟ್ಟೆ ಕಟ್ಟಿ, ಹತ್ತು ನಿಮಿಷ ಬಿಟ್ಟು ಆಫ್‌ಸೆಟ್ ಹೊಂದಿಸುವ ಪ್ರೀಸೆಟ್ (ಬೋರ್ಡಿನ ಮೇಲೆ ತಿರುಗಿಸುವ ಸಣ್ಣ ರೆಸಿಸ್ಟರ್) ತಿರುಗಿಸಿ. ಇನ್‌ಪುಟ್‌ನಲ್ಲಿ ಬೆನ್ನುಬೆನ್ನಾಗಿ ಕೂತಿರುವ ಎರಡು 1ಎನ್ 4148 ಡಯೋಡುಗಳಲ್ಲಿ ಒಂದು ಸತ್ತಿದ್ದರೆ ಆಂಪ್ಲಿಫೈಯರಿನ ಚೇತರಿಕೆ ಒಂದೇ ದಿಕ್ಕಿನಲ್ಲಿ ಕೆಡುತ್ತದೆ. ಅವನ್ನು ಎತ್ತಿ ಒಂದೊಂದಾಗಿ ಪರೀಕ್ಷಿಸಿ.

ದೊಡ್ಡದು ಸಿಗುತ್ತದೆ, ಸಣ್ಣದು ಸಿಗುವುದಿಲ್ಲ

10ರ ಉಂಗುರ ಕೇಳದೆ 50ರ ಉಂಗುರ ಚೆನ್ನಾಗಿ ಕೇಳಿಸಿದರೆ ನಾಲ್ಕು ಕಡೆ ನೋಡಿ.

ಒಂದು, ಡಿಲೇ ಗುಂಡಿ. ಕಬ್ಬಿಣ ಹುಡುಕುವಾಗ ಯಾರೋ ತಿರುಗಿಸಿ ಹಾಗೇ ಬಿಟ್ಟಿರುತ್ತಾರೆ.

ಎರಡು, ಯಾರಾದರೂ ಮಾಸ್‌ಫೆಟ್ ಬದಲಿಸಿದ್ದಾರೆಯೇ? ಅಂಗಡಿಯಲ್ಲಿ ಐಆರ್‌ಎಫ್ 740 ಇಲ್ಲವೆಂದು ಐಆರ್‌ಎಫ್‌ಜೆಡ್ 44ಎನ್ ಹಾಕಿದರೆ ಯಂತ್ರ ಓಡುತ್ತದೆ, ಬಿಸಿಯೂ ಆಗುವುದಿಲ್ಲ, ರಿಪೇರಿ ಆಯಿತೆಂದೇ ಕಾಣುತ್ತದೆ. ಆದರೆ ಅದು ತಡೆಯುವುದು 55 ವೋಲ್ಟ್ ಮಾತ್ರ. 400 ವೋಲ್ಟಿನಲ್ಲಿ 2 ಮೈಕ್ರೋಸೆಕೆಂಡಿಗೆ ಮುಗಿಯುತ್ತಿದ್ದ ಕರೆಂಟು ಈಗ ಆರಲು 15 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಸ್ಯಾಂಪಲ್ ತೆಗೆಯುವ ಹೊತ್ತಿಗೆ ಪಲ್ಸೇ ಮುಗಿದಿರುವುದಿಲ್ಲ. ಬದಲಿ ಹಾಕುವಾಗ ಆಂಪಿಯರ್ ನೋಡಬೇಡಿ, ವೋಲ್ಟ್ ನೋಡಿ.

ಮೂರು, ಡ್ಯಾಂಪಿಂಗ್ ರೆಸಿಸ್ಟರ್, ಅಂದರೆ ಪಲ್ಸ್ ನಿಂತ ಮೇಲೆ ಕಾಯಿಲಿನ ಮೊಳಗನ್ನು ಅಡಗಿಸುವ ರೆಸಿಸ್ಟರ್. ಕಾಯಿಲ್, ಕೇಬಲ್, ಮಾಸ್‌ಫೆಟ್ ಮೂರರ ಕೆಪಾಸಿಟೆನ್ಸ್ ಸೇರಿ 400 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಇಂಡಕ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆದು ಅರ್ಧ ಮಾಡಿದರೆ 474 ಓಮ್ ಬರುತ್ತದೆ. ಇನ್‌ಪುಟ್‌ನ 1 ಕಿಲೋ ಓಮ್ ಕೂಡ ಡಯೋಡುಗಳ ಮೂಲಕ ಇದಕ್ಕೆ ಸಮಾನಾಂತರವಾಗಿ ಸೇರುವುದರಿಂದ ಕಾಯಿಲಿಗೆ ಅಡ್ಡವಾಗಿ ಹಾಕಬೇಕಾದ್ದು 900 ಓಮ್ ಆಸುಪಾಸು. ರೆಸಿಸ್ಟೆನ್ಸ್ ಹೆಚ್ಚಾದರೆ ಕಾಯಿಲ್ ಗಂಟೆಯಂತೆ ಮೊಳಗುತ್ತಲೇ ಇರುತ್ತದೆ, ಕಡಿಮೆಯಾದರೆ ಬಾಲ ಉದ್ದವಾಗುತ್ತದೆ. ಎರಡರಲ್ಲೂ ಕೆಡುವುದು ಸಣ್ಣ ವಸ್ತುವೇ. ಸ್ಕೋಪ್ (ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್) ಇಲ್ಲದವರು 680 ಓಮಿನ 2 ವಾಟ್ ಕಾರ್ಬನ್ ರೆಸಿಸ್ಟರಿಗೆ 500 ಓಮಿನ ಪ್ರೀಸೆಟ್ ಸರಣಿಯಲ್ಲಿ ಹಾಕಿ, ಡಿಲೇಯನ್ನು ಆದಷ್ಟು ಕಡಿಮೆ ಇಟ್ಟು, 10ರ ಉಂಗುರ ಅತಿ ದೂರದಿಂದ ಕೇಳುವ ಜಾಗಕ್ಕೆ ಪ್ರೀಸೆಟ್ ತನ್ನಿ. ವೈರ್‌ವೂಂಡ್ ರೆಸಿಸ್ಟರ್ ಮಾತ್ರ ಬೇಡ, ಅದೂ ಒಂದು ಸಣ್ಣ ಕಾಯಿಲೇ. ಸ್ಕೋಪ್ ಇದ್ದವರು ಪ್ರೋಬನ್ನು ಹತ್ತರ ಭಾಗಕ್ಕೆ ಇಟ್ಟ ಮೇಲೆಯೇ ಡ್ರೈನ್ ಮುಟ್ಟಿ, ಅಲ್ಲಿ 400 ವೋಲ್ಟ್ ಇದೆ.

ನಾಲ್ಕು, ಕೇಬಲ್ಲು. 50 ಓಮಿನ ಕೋಆಕ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ. ಒಂದು ಮೀಟರಿನ ಜಾಗದಲ್ಲಿ ಮೂರು ಮೀಟರ್ ಹಾಕಿ ಕೋಲಿಗೆ ಸುತ್ತಿದ್ದರೆ ಡ್ಯಾಂಪಿಂಗ್ ಲೆಕ್ಕವೇ ತಪ್ಪುತ್ತದೆ. ಕೋಲಿನ ತುದಿಯ ಬೋಲ್ಟು ನೈಲಾನಿನದೇ ಇರಲಿ, ಕಳೆದುಹೋಯಿತೆಂದು ಕಬ್ಬಿಣದ್ದು ಹಾಕಬೇಡಿ.

ಮೊಳೆ ಸಿಗುತ್ತದೆ, ತಾಮ್ರದ ಪಾತ್ರೆ ಸಿಗುವುದಿಲ್ಲ

ಇದು ಕಡಿಮೆ ಬರುವ ದೂರು. ಬಂದಾಗ ಯಾರೂ ನಂಬುವುದಿಲ್ಲ, ಆದರೆ ನಿಜ. ಭೂಮಿಯ ಕಾಂತಕ್ಷೇತ್ರದಲ್ಲಿ ಕಾಯಿಲ್ ಬೀಸಿದಾಗ ಹುಟ್ಟುವ ನಿಧಾನದ ವೋಲ್ಟೇಜನ್ನು ಕಳೆಯಲು ಯಂತ್ರ ಎರಡನೇ ಸ್ಯಾಂಪಲ್ ತೆಗೆದು ಮೊದಲನೆಯದರಿಂದ ಕಳೆಯುತ್ತದೆ. ಮೊದಲನೆಯದು 20ರಲ್ಲಿ, ಎರಡನೆಯದು 120ರಲ್ಲಿ ಎಂದುಕೊಳ್ಳಿ. ಆರುವ ಕಾಲ 600 ಇರುವ ಪಾತ್ರೆಗೆ ಮೊದಲ ಸ್ಯಾಂಪಲ್ ಶೇ. 97, ಎರಡನೆಯದು ಶೇ. 82. ಕಳೆದರೆ ಉಳಿಯುವುದು ಶೇ. 15. ಯಂತ್ರ ತನ್ನ ಕೈಯಾರೆ ಗುರಿಯನ್ನು ಅಳಿಸುತ್ತಿದೆ. ಎರಡನೇ ಸ್ಯಾಂಪಲನ್ನು 300 ಮೈಕ್ರೋಸೆಕೆಂಡಿನಾಚೆ ತಳ್ಳಿ. ಜೊತೆಗೆ ಪಲ್ಸನ್ನೂ ಉದ್ದ ಮಾಡಿ. 100 ಮೈಕ್ರೋಸೆಕೆಂಡಿನ ಪಲ್ಸಿನಲ್ಲಿ ಆನ್ ಆದಾಗ ಹುಟ್ಟಿದ ಸುಳಿ ಪ್ರವಾಹ ಆರುವ ಮೊದಲೇ ಆಫ್ ಆಗಿ, ಎರಡೂ ಒಂದನ್ನೊಂದು ಕಡಿಮೆ ಮಾಡುತ್ತವೆ.

ಕಾಯಿಲ್ ನಿಲ್ಲಿಸಿದ ಕೂಡಲೇ ಸದ್ದು ಕರಗುವುದು ದೋಷವಲ್ಲ. ತಾನೇ ಟ್ಯೂನ್ ಆಗುವ ಯಂತ್ರದ ಗುಣ ಅದು. ಬೀಸುತ್ತಲೇ ಇರಬೇಕು.

ಗಾಳಿಯಲ್ಲಿ ಸರಿ, ಮಣ್ಣಿನಲ್ಲಿ ಕೆಟ್ಟದ್ದು

ಇಲ್ಲಿ ಯಂತ್ರ ನಿರಪರಾಧಿ. ನಮ್ಮ ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡಿನಲ್ಲಿ ಅತಿ ಸಣ್ಣ ಕಾಂತೀಯ ಕಣಗಳಿವೆ. ಪಲ್ಸ್ ನಿಂತ ಮೇಲೂ ಅವು ತಮ್ಮ ದಿಕ್ಕನ್ನು ನಿಧಾನವಾಗಿ ಬಿಡುತ್ತವೆ, ಕಾಯಿಲಿಗೆ ಅದು ಲೋಹದಂತೆಯೇ ಕೇಳುತ್ತದೆ. ಮಣ್ಣು ಬೆಂದಿದ್ದರೆ ಈ ಗುಣ ಹಲವು ಪಟ್ಟು ಹೆಚ್ಚು.

ಆಲೆಮನೆಯ ಹಿಂದೆ ಕೊಪ್ಪರಿಗೆಯ ಒಲೆ ಕಿತ್ತು ಹಾಕಿದ ಜಾಗಕ್ಕೆ ಕಾಯಿಲ್ ಹಿಡಿಯಿರಿ. ತರಗು ಉರಿದು ಉರಿದು ಇಟ್ಟಿಗೆಯ ಒಳಮೈ ಗಾಜಿನಂತೆ ಕಪ್ಪಾಗಿ ಮಿನುಗುತ್ತದೆ, ಅದರ ಹಿಂದಿನ ಮಣ್ಣು ನಾಲ್ಕು ಬೆರಳು ದಪ್ಪಕ್ಕೆ ಕಡು ಕೆಂಪು. ಅಂಗೈಯಗಲದ ಒಂದು ತುಂಡು ಎತ್ತಿ ಕಾಯಿಲಿಗೆ ತೋರಿಸಿ. ಅಯಸ್ಕಾಂತಕ್ಕೆ ಅಂಟದ, ಒಂದು ಗುಲಗಂಜಿ ಲೋಹವೂ ಇಲ್ಲದ ಆ ತುಂಡಿಗೆ ಯಂತ್ರ ನಾಣ್ಯ ಸಿಕ್ಕಂತೆ ಕೂಗಬಹುದು. ಇಟ್ಟಿಗೆ ಗೂಡಿನ ಜಾಗ, ಹಳೇ ಹೆಂಚಿನ ಚೂರು, ಮಡಕೆ ಬೋಕಿ ಎಲ್ಲವೂ ಇದೇ ಜಾತಿ. ಇಂಥ ಒಂದು ತುಂಡನ್ನು ಉಂಗುರಗಳ ಜೊತೆ ಡಬ್ಬಿಯಲ್ಲಿಟ್ಟುಕೊಂಡರೆ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಕಳೆಯುವ ಹೊಂದಾಣಿಕೆ) ಸರಿಯಿದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯದು ಸಿಗದು.

ಗುರುತಿಸುವುದು ಹೀಗೆ. ಕಾಯಿಲನ್ನು 40 ಸೆಂ.ಮೀ. ಎತ್ತರದಿಂದ 5 ಸೆಂ.ಮೀ.ವರೆಗೆ ನಿಧಾನಕ್ಕೆ ಇಳಿಸಿ ಎತ್ತಿ. ಎಲ್ಲಿ ಇಳಿಸಿದರೂ ಅದೇ ಕೂಗು ಬಂದರೆ ಮಣ್ಣು. ಒಂದು ಅಡಿ ಪಕ್ಕಕ್ಕೆ ಸರಿದರೆ ನಿಲ್ಲುವುದಾದರೆ ವಸ್ತು. ಪರಿಹಾರವೆಂದು ಡಿಲೇ ಏರಿಸುವ ಮುಂಚೆ ಲೆಕ್ಕ ನೋಡಿ: ಮಣ್ಣಿನ ಸದ್ದು ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ, 10ರಿಂದ 20ಕ್ಕೆ ಹೋದರೆ ಅರ್ಧವಾಗುತ್ತದೆ. ಅಷ್ಟರಲ್ಲಿ 10ರ ಉಂಗುರದ ಸದ್ದು ಮೂರರಲ್ಲಿ ಒಂದು ಪಾಲಿಗೆ ಬಂದಿರುತ್ತದೆ. ಮಣ್ಣಿಗಿಂತ ಚಿನ್ನವೇ ಹೆಚ್ಚು ಕಳೆದುಹೋಯಿತು. ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಯಂತ್ರವಾದರೆ ಕಾಯಿಲನ್ನು 5 ಸೆಂ.ಮೀ. ಎತ್ತರದಲ್ಲಿ ಏರಿಳಿತವಿಲ್ಲದೆ ಬೀಸುವುದು, ಆ ಎತ್ತರಕ್ಕೇ ಟ್ಯೂನ್ ಇಟ್ಟುಕೊಳ್ಳುವುದು ಮೇಲು. ಉಳುಮೆ ಮಾಡಿದ ಹೆಂಟೆ ಹೊಲದಲ್ಲಿ ಇದು ಆಗದ ಮಾತು, ಹಲುಬೆ ಹೊಡೆಸಿ ಮಟ್ಟ ಮಾಡಿಸಿ.

ನೀರು ನಿಂತ ಗದ್ದೆ, ನಾಲಾ ಬಯಲಿನ ಚೌಳು ಜಾಗ ಬೇರೆ ಥರ. ಉಪ್ಪುನೀರಿನಲ್ಲಿ ಏಳುವ ಪ್ರವಾಹ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಆರುತ್ತದೆ. ಇಲ್ಲಿ ಡಿಲೇ 12–15ಕ್ಕೆ ಏರಿಸಿದರೆ ಕೆಲಸವಾಗುತ್ತದೆ. ಸಾಧ್ಯವಿದ್ದರೆ ನೀರು ಬಸಿದು ಒಂದು ದಿನ ಬಿಟ್ಟು ಬನ್ನಿ.

ಬಿಟ್ಟು ಬಿಟ್ಟು ಕೂಗುವುದು

ಕಾಯಿಲ್ ನಿಲ್ಲಿಸಿ, ಕೈಬಿಟ್ಟು, ಸುಮ್ಮನೆ ಕೇಳಿ. ಸುಮಾರು ಸೆಕೆಂಡಿಗೊಮ್ಮೆ ಟಕ್, ಟಕ್ ಎಂದರೆ ಹತ್ತಿರದಲ್ಲಿ ಸೋಲಾರ್ ಬೇಲಿ ಇದೆ. ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗೆ ಹಾಕಿದ ಬೇಲಿಯ ಮಿಡಿತ ಅದು. ಮಾಲೀಕರಿಗೆ ಹೇಳಿ ಅರ್ಧ ಗಂಟೆ ಆಫ್ ಮಾಡಿಸಿ. ಇಷ್ಟು ಹೊತ್ತು ಶಾಂತವಾಗಿದ್ದದ್ದು ಒಮ್ಮೆಲೇ ಅಲೆಅಲೆಯಾಗಿ ಕೂಗತೊಡಗಿದರೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬಂದಿರಬೇಕು, ಮೋಟಾರಿನ ಕೇಬಲ್ಲು ಕಾಲಡಿಯಲ್ಲೇ ಹಾದಿರಬಹುದು. ಪಲ್ಸಿನ ವೇಗ (ಸೆಕೆಂಡಿಗೆ ಎಷ್ಟು ಪಲ್ಸ್ ಎಂಬುದು) 50 ಹರ್ಟ್ಸಿನ ಗುಣಕದ ಹತ್ತಿರವಿದ್ದಾಗ ಹೀಗೆ ತೇಲುವ ಸದ್ದು ಬರುತ್ತದೆ, ವೇಗವನ್ನು ಸ್ವಲ್ಪ ಆಚೀಚೆ ಮಾಡಿದರೆ ಇಳಿಯುತ್ತದೆ. ಕಾಯಿಲನ್ನು ನೆಟ್ಟಗೆ ನಿಲ್ಲಿಸಿ ಗಿರ್ರನೆ ಸುತ್ತ ತಿರುಗಿಸಿ ನೋಡಿ. ದಿಕ್ಕಿಗೆ ತಕ್ಕಂತೆ ಸದ್ದು ಹೆಚ್ಚುಕಮ್ಮಿಯಾದರೆ ಅದು ಹೊರಗಿನದು. ದಿಕ್ಕು ಬದಲಿಸಿದರೂ ಬದಲಾಗದೆ, ಕೇಬಲ್ಲು ಅಲ್ಲಾಡಿಸಿದಾಗ ಮಾತ್ರ ಬದಲಾದರೆ ಕನೆಕ್ಟರ್ ಬೆಸೆಯಿರಿ.

ಸಿಕ್ಕಿದ್ದು ಏನು

ಉದ್ದನೆಯ ಕಬ್ಬಿಣ ಮಲಗಿದ್ದರೆ ಕಾಯಿಲಿನ ಎರಡೂ ಅಂಚಿನಲ್ಲಿ ಕೂಗಿ ನಡುವೆ ಕುಗ್ಗುತ್ತದೆ, ನೆಟ್ಟಗಿದ್ದರೆ ನಡುವೆ ಒಂದೇ ಕೂಗು. ನಾಣ್ಯ, ಉಂಗುರ ಇದಕ್ಕೆ ತಿರುಗುಮುರುಗು: ಚಪ್ಪಟೆ ಮಲಗಿದ್ದರೆ ಒಂದು, ಅಂಚಿನ ಮೇಲೆ ನಿಂತಿದ್ದರೆ ಎರಡು. ಎರಡು ಕೂಗು ಬಂದರೆ ನಡುವೆ ಅಗೆಯಿರಿ, ಕೂಗಿದ ಕಡೆ ಅಲ್ಲ. ಡಿಲೇ 10ರಿಂದ 30ಕ್ಕೆ ಏರಿಸಿದಾಗ ಸದ್ದು ಕುಸಿದರೆ ಸಣ್ಣದು, ತೆಳುವಾದದ್ದು. ಜಗ್ಗದೆ ನಿಂತರೆ ಕಬ್ಬಿಣ, ಇಲ್ಲವೇ ದಪ್ಪ ತಾಮ್ರ, ಹಿತ್ತಾಳೆ. ಇವುಗಳನ್ನು ಬೇರ್ಪಡಿಸಿ ಹೇಳುವ ಭರವಸೆ ಈ ಯಂತ್ರ ಕೊಡುವುದಿಲ್ಲ, ಕೊಡುತ್ತದೆ ಎಂದು ಮಾರುವವರನ್ನು ನಂಬಬೇಡಿ.

ಸರ ಕಳೆದವರಿಗೆ ಮೊದಲೇ ಹೇಳಿಬಿಡುವುದು ಧರ್ಮ. ತೆಳು ಚಿನ್ನದ ಸರದಲ್ಲಿ ಪ್ರತಿ ಕೊಂಡಿಯೂ ಬೇರೆ ಬೇರೆ ಸಣ್ಣ ಸುತ್ತು, ಕೊಂಡಿಯಿಂದ ಕೊಂಡಿಗೆ ಸ್ಪರ್ಶ ಬರೀ ಹೆಸರಿಗೆ. ಸರದ ತೂಕ 20 ಗ್ರಾಂ ಇದ್ದರೂ ಯಂತ್ರಕ್ಕೆ ಕೇಳುವುದು ಒಂದು ಕೊಂಡಿಯ ಸದ್ದು. ಅರಗು ತುಂಬಿದ ತೆಳು ತಗಡಿನ ಗುಂಡುಗಳ ಆರುವ ಕಾಲ ಒಂದೆರಡು ಮೈಕ್ರೋಸೆಕೆಂಡ್, ನಿಮ್ಮ ಎಳೆ ಉಂಗುರದಷ್ಟೇ. ಸಿಗುವ ಆಸೆ ಇರುವುದು ಗಟ್ಟಿ ಪದಕಕ್ಕೆ, ದಪ್ಪ ಕೊಕ್ಕೆಗೆ. ಇಂಥ ಕೆಲಸಕ್ಕೆ ಸಣ್ಣ ಕಾಯಿಲಿನ, ನಿರಂತರ ತರಂಗದ ವಿಎಲ್‌ಎಫ್ ಯಂತ್ರವೇ ವಾಸಿ. ಅದು ಸಿಗದಿದ್ದರೆ ಮೇಲ್ಮಣ್ಣನ್ನು ನಾಲ್ಕು ಬೆರಳು ಆಳ ಕೆರೆದು ಜರಡಿ ಹಿಡಿಯಿರಿ.

ಶ್ರೀರಂಗಪಟ್ಟಣದ ಕೋಟೆ, ತಲಕಾಡು, ಸೋಮನಾಥಪುರದಂಥ ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ, 1958ರ ಕಾಯ್ದೆ ಇದೆ. ಸ್ವಂತ ಹೊಲದಲ್ಲೇ ಹೂತ ನಿಧಿ ಸಿಕ್ಕಿದರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ ನಿಧಿ ಕಾಯ್ದೆ. ಹಳೇ ಕಾಸು ಒಂದು ಸಿಕ್ಕಿತೆಂದರೆ ಅಲ್ಲಿಗೆ ಗುದ್ದಲಿ ನಿಲ್ಲಿಸಿ.

ರಿಪೇರಿ ಮುಗಿದ ದಿನವೇ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ, 50ರ ಉಂಗುರ ಎಷ್ಟು ಸೆಂ.ಮೀ., 10ರ ಉಂಗುರ ಎಷ್ಟು ಸೆಂ.ಮೀ., ಡಿಲೇ ಗುಂಡಿ ಎಲ್ಲಿತ್ತು, ಕಾಯಿಲ್ ಎಷ್ಟು ಓಮ್ ಎಂದು ನಾಲ್ಕು ಸಾಲು ಪೆನ್ಸಿಲಿನಲ್ಲಿ ಬರೆದು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಸಲ ದೂರು ಬಂದಾಗ ಮೊದಲು ತೆರೆಯಬೇಕಾದ್ದು ಆ ಮುಚ್ಚಳ.